ಹದಿಮೂರು ಲಕ್ಷದ ರೆಟ್ರೊ ಬೈಕು: ದುಡ್ಡು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನನಗೆ ನಲವತ್ತು ವರ್ಷ. ಮನೆ ರಾಜಾಜಿನಗರ, ಆಫೀಸು ಮಾನ್ಯತಾ ಟೆಕ್ ಪಾರ್ಕ್. ಚಿಕ್ಕಂದಿನಿಂದ ಅಪ್ಪನ ಯೆಜ್ಡಿ ಹಿಂದೆ ಕೂತು ಬೆಳೆದವನು. ಆ ಗಾಡಿ ಈಗ ತುಮಕೂರಿನ ಮನೆ ಹಿತ್ತಲಲ್ಲಿ ಟಾರ್ಪಾಲಿನ ಕೆಳಗಿದೆ. ಟ್ರಯಂಫ್ ಬಾನೆವಿಲ್ ಟಿ100 ಕೊಳ್ಳಬೇಕೆಂದು ಬಹಳ ದಿನದ ಆಸೆ. ಆನ್‌ರೋಡ್ ಹದಿಮೂರು ಲಕ್ಷದ ಹತ್ತಿರ ಹೇಳಿದ್ದಾರೆ. ಮೂರು ಲಕ್ಷ ಕೈಯಲ್ಲಿದೆ, ಉಳಿದದ್ದು ಸಾಲ. ಗೆಳೆಯರು 'ಹಳೇ ರೂಪಕ್ಕೆ ಇಷ್ಟು ದುಡ್ಡು ಕೊಡ್ತೀಯಾ, ಎನ್‌ಫೀಲ್ಡ್ 650 ಸಾಕು' ಅನ್ನುತ್ತಾರೆ. ಇಂಥ ಬೈಕುಗಳು ನಿಜಕ್ಕೂ ಆ ಬೆಲೆ ಬಾಳುತ್ತವಾ? ಅಪ್ಪನ ಯೆಜ್ಡಿಯನ್ನೇ ರೆಡಿ ಮಾಡಿಸಿಕೊಂಡರೆ ಹೇಗೆ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಟಿ100 ಒಳ್ಳೆಯ ಬೈಕು. ಆದರೆ ಹತ್ತು ಲಕ್ಷ ಸಾಲ ಮಾಡಿ ಹೊಸದನ್ನು ತಗೋಬೇಡಿ. ಮೂರು ನಾಲ್ಕು ವರ್ಷ ಓಡಿದ ಟಿ100 ಹುಡುಕಿ, ಸಿಗದಿದ್ದರೆ ಹೊಸ 650 ತಗೊಳ್ಳಿ. ನಿಮ್ಮ ಗೆಳೆಯರ ಸಲಹೆ ಅರ್ಧ ಸರಿ, ಆದರೆ ಅವರು ಕೊಡುವ ಕಾರಣ ತಪ್ಪು. ಹಳೇ ರೂಪಕ್ಕೆ ಮಾತ್ರ ಯಾರೂ ಇಷ್ಟು ದುಡ್ಡು ತಗೊಳ್ಳೋದಿಲ್ಲ. ದುಡ್ಡು ಎಲ್ಲೆಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ನೋಡಿದರೆ ಯಾವುದಕ್ಕೆ ಕೊಡಬಹುದು, ಯಾವುದಕ್ಕೆ ಬೇಡ ಅನ್ನೋದು ನಿಮಗೇ ಗೊತ್ತಾಗುತ್ತದೆ.

ತೆರಿಗೆಯಿಂದ ಶುರು ಮಾಡೋಣ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ದಾಟಿದ ಬೈಕುಗಳಿಗೆ ಶೇ 40 ಜಿಎಸ್‌ಟಿ ಇದೆ. ಅದಕ್ಕೆ ಮುಂಚೆ ಶೇ 28, ಮೇಲೆ ಶೇ 3 ಸೆಸ್ ಇತ್ತು. ಲೆಕ್ಕ ಸುಲಭವಾಗಲಿ ಅಂತ ಶೋರೂಂ ಬೆಲೆ ಹತ್ತು ಲಕ್ಷ ಅಂತ ಇಟ್ಟುಕೊಳ್ಳಿ. ಅದರಲ್ಲಿ 2.86 ಲಕ್ಷ ಜಿಎಸ್‌ಟಿಯೇ ಆಯಿತು. ಕರ್ನಾಟಕದಲ್ಲಿ ಒಂದು ಲಕ್ಷ ದಾಟಿದ ಬೈಕಿಗೆ ಲೈಫ್‌ಟೈಮ್ ಟ್ಯಾಕ್ಸ್ ಶೇ 18. ಅದು ಇನ್ನೊಂದು 1.80 ಲಕ್ಷ, ಅದರ ಮೇಲೆ ಸೆಸ್ಸು ಬೇರೆ. ಸೆಸ್ಸನ್ನು ಬಿಟ್ಟರೂ 11.80 ಲಕ್ಷದಲ್ಲಿ 4.66 ಲಕ್ಷ ಸರ್ಕಾರಕ್ಕೆ ಹೋಯಿತು. ನೂರು ರೂಪಾಯಿಗೆ ಹತ್ತಿರ ಹತ್ತಿರ ನಲವತ್ತು ರೂಪಾಯಿ! ಇನ್ಶೂರೆನ್ಸ್‌ನಲ್ಲೂ ಇದೇ ಕಥೆ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ಕಡ್ಡಾಯ. 2022ರಲ್ಲಿ ಗೊತ್ತುಮಾಡಿದ ದರದ ಪ್ರಕಾರ 150ರಿಂದ 350 ಸಿಸಿವರೆಗೆ 7,365 ರೂಪಾಯಿ, 350 ದಾಟಿದರೆ 15,117 ರೂಪಾಯಿ. ಎನ್‌ಫೀಲ್ಡ್ ಕ್ಲಾಸಿಕ್ 350ರ ಎಂಜಿನ್ 349 ಸಿಸಿ, ಹೋಂಡಾ ಸಿಬಿ350 ಅದಕ್ಕಿಂತ ಒಂಚೂರು ಕಡಿಮೆ. ಆ 350 ಸಿಸಿ ಗೆರೆಯ ಒಳಗಿರುವ ಬೈಕಿಗೆ ಜಿಎಸ್‌ಟಿ ಶೇ 18 ಮಾತ್ರ. ದೊಡ್ಡ ಬೈಕು ದುಬಾರಿಯಾಗಿ ಕಾಣೋದರಲ್ಲಿ ಅದರ ಒಳಗಿನ ಕಬ್ಬಿಣದ ಜೊತೆಗೆ ಈ ಗೆರೆಗೂ ಒಂದು ಪಾಲಿದೆ.

ಈ ದುಡ್ಡು ನಿಮಗೆ ಯಾವ ರೂಪದಲ್ಲೂ ವಾಪಸ್ ಬರೋದಿಲ್ಲ. ಬೈಕು ಎಷ್ಟೇ ಚೆನ್ನಾಗಿರಲಿ, ಸೆಕೆಂಡ್ ಹ್ಯಾಂಡ್ ಕೊಳ್ಳುವವರು ನೀವು ಕಟ್ಟಿದ ಲೈಫ್‌ಟೈಮ್ ಟ್ಯಾಕ್ಸನ್ನು ಲೆಕ್ಕಕ್ಕೇ ತಗೊಳ್ಳೋದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಉಳಿದ ದುಡ್ಡು. ಇದರಲ್ಲಿ ದೊಡ್ಡ ಪಾಲು ಎಂಜಿನ್ನಿಗೆ ಹೋಗುತ್ತದೆ, ಇಲ್ಲೇ ನಿಮ್ಮ ಗೆಳೆಯರು ತಪ್ಪುತ್ತಾರೆ. ರೆಟ್ರೊ ಬೈಕಿನ, ಅಂದರೆ ಹಳೇ ರೂಪ ಕೊಟ್ಟ ಹೊಸ ಬೈಕಿನ, ಎಂಜಿನ್ನು ಹಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಮೊದಲ ಬಾನೆವಿಲ್ 1959ರದ್ದು, 650 ಸಿಸಿ. ಅದನ್ನು ಮಾಡುತ್ತಿದ್ದ ಇಂಗ್ಲೆಂಡಿನ ಮೆರಿಡೆನ್ ಕಾರ್ಖಾನೆ 1983ರಲ್ಲಿ ಮುಚ್ಚಿತು. ಜಾನ್ ಬ್ಲೂರ್ ಅನ್ನೋರು ಟ್ರಯಂಫ್ ಹೆಸರನ್ನು ಕೊಂಡು ಅಲ್ಲಿನ ಹಿಂಕ್ಲಿಯಲ್ಲಿ ಹೊಸದಾಗಿ ಕಾರ್ಖಾನೆ ಕಟ್ಟಿದರು. ಹೊಸ ಕಾಲದ ಬಾನೆವಿಲ್ ಬಂದಿದ್ದು 2001ರಲ್ಲಿ. 2016ರಲ್ಲಿ ಎಂಜಿನ್ನನ್ನು ಪೂರ್ತಿ ಬದಲಾಯಿಸಿ ನೀರಿನಿಂದ ತಣ್ಣಗಾಗುವ 900 ಮತ್ತು 1200 ಸಿಸಿ ಮಾಡಿದರು. ಎಂಜಿನ್ನಿನ ಹೊರಗೆ ಕಾಣುವ ಲೋಹದ ರೆಕ್ಕೆಗಳು (ಫಿನ್ನುಗಳು) ಹಳೇ ಕಾಲದ್ದರ ಹಾಗೇ ಇವೆ, ಒಳಗಿರೋದು ಹತ್ತು ವರ್ಷದ ಹಿಂದೆ ಹೊಸದಾಗಿ ಡಿಸೈನ್ ಮಾಡಿದ ಎಂಜಿನ್ನು.

ಹಳೇ ಬ್ರಿಟಿಷ್ ಟ್ವಿನ್ನುಗಳಲ್ಲಿ, ಅಂದರೆ ಎರಡು ಸಿಲಿಂಡರಿನ ಎಂಜಿನ್ನುಗಳಲ್ಲಿ, ಎರಡೂ ಪಿಸ್ಟನ್ನು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಅದರಿಂದಲೇ ಆ ಭಾರಿ ನಡುಕ. ಇವತ್ತಿನದರಲ್ಲಿ ಒಂದಕ್ಕೂ ಇನ್ನೊಂದಕ್ಕೂ 270 ಡಿಗ್ರಿ ಅಂತರ ಇಟ್ಟಿದ್ದಾರೆ. ಸಿಡಿತಗಳು ಒಂದೇ ಸಮ ಬರೋದಿಲ್ಲ, ಒಂದು ಬೇಗ, ಒಂದು ತಡ. ಸೈಲೆನ್ಸರಿನಿಂದ ಬರುವ ಆ ದಪ್ಪ ಲಯಕ್ಕೆ ಕಾರಣ ಅದು. ಅದಕ್ಕಿಂತ ಮುಖ್ಯವಾದದ್ದು ಟಾರ್ಕ್, ಅಂದರೆ ಎಂಜಿನ್ನಿನ ಎಳೆತದ ಬಲ. ಟಿ100ರಲ್ಲಿ 80 ನ್ಯೂಟನ್ ಮೀಟರ್ ಇದೆ, ಅದೂ 3,750 ಆರ್‌ಪಿಎಂಗೇ ಸಿಗುತ್ತದೆ. ಪವರ್ ನೋಡಿದರೆ 65 ಪಿಎಸ್ ಅಷ್ಟೇ. 900 ಸಿಸಿಗೆ ಇದು ಕಡಿಮೆ, ಬೇಕಂತಲೇ ಕಡಿಮೆ ಇಟ್ಟಿದ್ದಾರೆ. ಎಂಜಿನ್ನನ್ನು ಕೂಗಿಸದೆ ಶಕ್ತಿ ಕೊಡಲಿ ಅನ್ನೋದು ಉದ್ದೇಶ.

ಇದರ ಅರ್ಥ ಶೋರೂಮಿನ ಎದುರು ಗೊತ್ತಾಗೋದಿಲ್ಲ. ಮಾಗಡಿ ರಸ್ತೆಗೆ ಹೋಗಿ. ತಾವರೆಕೆರೆ ದಾಟಿದ ಮೇಲೆ ಮುಂದೆ ಒಂದು ಕೆಎಸ್ಸಾರ್ಟಿಸಿ ಬಸ್ಸು ಸಿಕ್ಕೇ ಸಿಗುತ್ತದೆ. ಅದರ ಹಿಂದೆ ನಲವತ್ತರಲ್ಲಿ ಹೋಗುತ್ತಿದ್ದೀರಿ, ಟಾಪ್ ಗೇರಿಗಿಂತ ಒಂದು ಕೆಳಗೆ. ಎದುರು ಖಾಲಿ ಆಯಿತು. ಸಣ್ಣ ಎಂಜಿನ್ನಿನ ಬೈಕಾದರೆ ಎರಡು ಗೇರು ಇಳಿಸಬೇಕು, ಎಂಜಿನ್ನನ್ನು ಏರಿಸಬೇಕು, ಆಮೇಲೆ ಹೊರಡುತ್ತದೆ. ಟಿ100ರಲ್ಲಿ ಬರೀ ಮಣಿಕಟ್ಟು ತಿರುಗಿಸಿದರೆ ಸಾಕು. ಬಸ್ಸು ಹಿಂದೆ ಹೋಗಿರುತ್ತದೆ, ಎಡಗಾಲು ಅಲ್ಲಾಡಿರೋದಿಲ್ಲ. ಅರವತ್ತರಿಂದ ತೊಂಬತ್ತರ ನಡುವಿನ ನಮ್ಮ ಎರಡು ಲೇನಿನ ರಸ್ತೆಗಳಿಗೆ ಇಂಥ ಎಂಜಿನ್ನು ಹೇಳಿ ಮಾಡಿಸಿದ ಹಾಗಿರುತ್ತದೆ. ನೂರ ಇಪ್ಪತ್ತೈದು ಕುದುರೆಯ ಬೈಕಿನಲ್ಲಿ ಅದೇ ರಸ್ತೆಯಲ್ಲಿ ಮುಕ್ಕಾಲು ಎಂಜಿನ್ನು ಕೆಲಸವಿಲ್ಲದೆ ಕೂತಿರುತ್ತದೆ. ಈ ಸುಖಕ್ಕೆ ಬೆಲೆ ಇದೆ ಅಂತ ನಾನು ಪೂರ್ತಿ ನಂಬುತ್ತೇನೆ.

ಆಮೇಲೆ ಕಣ್ಣಿಗೆ ಬೀಳದ ಕೆಲಸ. ಬಾನೆವಿಲ್ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಿ. ಎಂಜಿನ್ನಿನ ಹಿಂದೆ ಹಳೇ ಕಾಲದ ಕಾರ್ಬುರೇಟರ್ ಕಾಣುತ್ತದೆ. ಅದು ಕಾರ್ಬುರೇಟರ್ ಅಲ್ಲವೇ ಅಲ್ಲ, ಒಳಗೆ ಫ್ಯೂಯೆಲ್ ಇಂಜೆಕ್ಷನ್ ಇದೆ. ಬೆಂಡ್ ಪೈಪ್ ಎಂಜಿನ್ನಿನಿಂದ ಇಳಿದು ನೇರವಾಗಿ ಸೈಲೆನ್ಸರಿಗೆ ಹೋದ ಹಾಗೆ ಕಾಣುತ್ತದೆ. ನಿಜದಲ್ಲಿ ಪೈಪಿನೊಳಗೆ ಇನ್ನೊಂದು ಪೈಪ್ ಇದೆ. ಹೊಗೆ ಎಂಜಿನ್ನಿನ ಅಡಿಗೆ ಹೋಗಿ, ಅಲ್ಲಿ ಬಚ್ಚಿಟ್ಟ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಡಬ್ಬಿ ಹೊಕ್ಕು, ಆಮೇಲೆ ಸೈಲೆನ್ಸರಿಗೆ ಬರುತ್ತದೆ. ರೇಡಿಯೇಟರು ಫ್ರೇಮಿನ ಎರಡು ಕಾಲುಗಳ ನಡುವೆ ಸಣ್ಣದಾಗಿ ಅಡಗಿದೆ. ವೈರಿಂಗ್ ಎಲ್ಲೂ ಜೋತುಬಿದ್ದಿಲ್ಲ. ಟ್ಯಾಂಕಿನ ಅಂಚಿನ ಸಣ್ಣ ಗೆರೆಯನ್ನು ಕೈಯಲ್ಲೇ ಬಳಿಯುತ್ತಾರೆ. ಸಾಮಾನ್ಯ ಬೈಕಿನಲ್ಲಿ ಒಂದು ಪ್ಲಾಸ್ಟಿಕ್ ಮುಚ್ಚಳ ಹಾಕಿದರೆ ಇದೆಲ್ಲ ಮುಚ್ಚಿಹೋಗುತ್ತದೆ. ರೆಟ್ರೊದಲ್ಲಿ ಎಂಜಿನ್ನೇ ಎದ್ದು ಕಾಣಬೇಕು, ಹಾಗಾಗಿ ಪ್ರತಿ ನಟ್ಟು, ಪ್ರತಿ ಎರಕ ನೋಡೋ ಹಾಗಿರಬೇಕು. ಮೊಳಕಾಲ್ಮೂರು ಸೀರೆಗೆ ಕೊಡುವ ದುಡ್ಡು ನೇಯ್ಗೆಗೆ ಹೋಗುವ ಹಾಗೆ ಇಲ್ಲಿ ದುಡ್ಡು ಈ ಕೈಕೆಲಸಕ್ಕೆ ಹೋಗುತ್ತದೆ. ಬೇಕಾದವರಿಗೆ ಅದರ ಬೆಲೆ ಗೊತ್ತು. ಬೇಡದವರಿಗೆ ಅದು ದಂಡವೇ.

ಹಾಗಂತ ಕೊಟ್ಟ ದುಡ್ಡಿಗೆ ಎಲ್ಲವೂ ಸಿಗುತ್ತದೆ ಅಂತಲ್ಲ. ಕವಾಸಾಕಿಯಲ್ಲಿ ಇದು ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಝಡ್900 ಮತ್ತು ಝಡ್900ಆರ್‌ಎಸ್ ಎರಡರಲ್ಲೂ ಮೂಲದಲ್ಲಿ ಒಂದೇ ಎಂಜಿನ್ನು, 948 ಸಿಸಿ. ಆರ್‌ಎಸ್‌ಗೆ 1972ರ ಝಡ್1 ಬೈಕಿನ ರೂಪ ಕೊಟ್ಟಿದ್ದಾರೆ. ಝಡ್900 ಸುಮಾರು 125 ಪಿಎಸ್ ಕೊಟ್ಟರೆ ಆರ್‌ಎಸ್ ಸುಮಾರು 110. ಪವರ್ ಕಮ್ಮಿ, ಬೆಲೆ ಮಾತ್ರ ನಮ್ಮಲ್ಲಿ ಲಕ್ಷಗಟ್ಟಲೆ ಜಾಸ್ತಿ. ಇದರಲ್ಲಿ ಕಸ್ಟಮ್ಸ್ ಪಾಲೂ ಇದೆ. ಪೂರ್ತಿ ಗಾಡಿಯಾಗಿ ಹೊರದೇಶದಿಂದ ಬಂದರೆ 1600 ಸಿಸಿವರೆಗಿನದಕ್ಕೆ ಶೇ 50 ಇದ್ದ ಸುಂಕವನ್ನು 2025ರ ಬಜೆಟ್ಟಿನಲ್ಲಿ ಶೇ 40ಕ್ಕೆ ಇಳಿಸಿದರು. ಇಳಿಸಿದ ಮೇಲೂ ಅಷ್ಟಿದೆ! ಎಲ್ಲ ತೆಗೆದು ನೋಡಿದರೂ ರೂಪಕ್ಕೆ ಒಂದು ಬೆಲೆ ಕಟ್ಟಿದ್ದಾರೆ ಅನ್ನೋದು ಇಲ್ಲಿ ಸ್ಪಷ್ಟ. ಟಿ100ರಲ್ಲೂ ಅಷ್ಟೆ. ಮುಂದೆ ಒಂದೇ ಡಿಸ್ಕ್. ಹಿಂದಿನ ಶಾಕಪ್ಸು ಹನ್ನೆರಡು ಸೆಂಟಿಮೀಟರಿಗಿಂತ ಜಾಸ್ತಿ ಕುಸಿಯೋದಿಲ್ಲ. ಬೆಂಗಳೂರಿನ ಹಂಪುಗಳ ಮೇಲೆ ಅದು ಸೊಂಟಕ್ಕೆ ಗೊತ್ತಾಗುತ್ತದೆ. ಬ್ರೇಕು, ಸಸ್ಪೆನ್ಷನ್, ಸ್ಪೀಡು ಇವೇ ಬೇಕು ಅನ್ನೋರು ಅದೇ ದುಡ್ಡಿಗೆ ಇದಕ್ಕಿಂತ ಬಹಳ ಮೇಲಿನ ಬೈಕು ತರಬಹುದು.

ಈಗ ನಿಮ್ಮ ದಿನದ ದಾರಿಗೆ ಬರೋಣ. ರಾಜಾಜಿನಗರದಿಂದ ಮಾನ್ಯತಾಗೆ ಅಂದರೆ ಗೊರಗುಂಟೆಪಾಳ್ಯ, ಬಿಇಎಲ್ ಸರ್ಕಲ್, ಹೆಬ್ಬಾಳ. ಸಂಜೆ ಆರಕ್ಕೆ ಹೆಬ್ಬಾಳದ ಹತ್ತಿರ ಹೇಗಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಟಿ100 ಪೆಟ್ರೋಲು ತುಂಬಿದ ಮೇಲೆ 228 ಕೆ.ಜಿ. ತೂಗುತ್ತದೆ. ಕ್ಲಚ್ ಹಗುರ, ಸೀಟು 790 ಮಿಲಿಮೀಟರ್, ಕಾಲು ನೆಲಕ್ಕೆ ಊರಲು ಸಿಗುತ್ತದೆ. ಆದರೂ ಮೊದಲ ಗೇರಿನಲ್ಲಿ ತೆವಳುತ್ತಾ ಹೋಗುವಾಗ ರೇಡಿಯೇಟರ್ ಫ್ಯಾನು ತಿರುಗುತ್ತದೆ, ಬಿಸಿ ಗಾಳಿ ಕಾಲಿಗೆ ಬಡಿಯುತ್ತದೆ. ಎಂಜಿನ್ನು ದೊಡ್ಡದಾದಷ್ಟೂ ಈ ಬಿಸಿ ಜಾಸ್ತಿ. ಇದು ತಯಾರಕರ ತಪ್ಪಲ್ಲ, ಅಷ್ಟು ದೊಡ್ಡ ಎಂಜಿನ್ನು ನಿಂತಲ್ಲೇ ಉರಿಯುತ್ತಿದ್ದರೆ ಬಿಸಿ ಎಲ್ಲಿಗಾದರೂ ಹೋಗಬೇಕಲ್ಲ. ಆಫೀಸಿಗೆ ದಿನಾ ಇದರಲ್ಲೇ ಹೋಗುತ್ತೇನೆ ಅನ್ನೋ ಯೋಚನೆ ಇದ್ದರೆ ಬಿಟ್ಟುಬಿಡಿ. ಆಫೀಸಿಗೆ ಸ್ಕೂಟರ್ ಇರಲಿ.

ಟೈರಿನ ವಿಷಯ ಶೋರೂಮಿನಲ್ಲಿ ಯಾರೂ ಎತ್ತೋದಿಲ್ಲ. ಟಿ100ರಲ್ಲಿ ಸ್ಪೋಕ್ ಚಕ್ರ, ಒಳಗೆ ಟ್ಯೂಬು. ನೋಡೋಕೆ ಎಷ್ಟು ಚಂದವೋ ಪಂಕ್ಚರ್ ಆದಾಗ ಅಷ್ಟೇ ಕಷ್ಟ. ಟ್ಯೂಬ್‌ಲೆಸ್ ಆಗಿದ್ದರೆ ಮೊಳೆ ಕಿತ್ತು ಸ್ಟ್ರಿಪ್ ಹಾಕಿ ಐದು ನಿಮಿಷದಲ್ಲಿ ಹೊರಡಬಹುದು. ಇಲ್ಲಿ ಹಾಗಲ್ಲ. ಹಿಂದಿನ ಚಕ್ರವೇ ಪಂಕ್ಚರ್ ಆಯಿತು ಅಂದುಕೊಳ್ಳಿ. ಆಕ್ಸಲ್ ನಟ್ ಬಿಚ್ಚಬೇಕು, ಚೇನ್ ಸಡಿಲ ಮಾಡಿ ಇಳಿಸಬೇಕು, ಬ್ರೇಕ್ ಕ್ಯಾಲಿಪರ್ ಸರಿಸಬೇಕು, ಚಕ್ರ ಆಚೆ ತೆಗೆದು ಟೈರ್ ಕಳಚಬೇಕು. ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ ಇನ್ನೂರು ಕೆ.ಜಿ. ದಾಟಿದ ಬೈಕನ್ನು ಎತ್ತಿ ನಿಲ್ಲಿಸೋದು ಹೇಗೆ? ರಸ್ತೆ ಪಕ್ಕದ ಪಂಕ್ಚರ್ ಅಂಗಡಿಯವರು ಕೈಮುಗಿಯುತ್ತಾರೆ. ಬಹಳ ದೂರ ಹೋಗುವವರು ಟ್ರಯಂಫ್‌ನದೇ ಸ್ಪೀಡ್ ಟ್ವಿನ್ 900 ನೋಡೋದು ವಾಸಿ. ಅದರಲ್ಲೂ ಇದೇ 900 ಸಿಸಿ ಎಂಜಿನ್ನು, ಚಕ್ರ ಅಲಾಯ್, ಟೈರ್ ಟ್ಯೂಬ್‌ಲೆಸ್.

ರಸ್ತೆಗಳ ಮಾತು ಬಂತು ಅಂತ ಇದನ್ನೂ ಹೇಳುತ್ತೇನೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕುಗಳಿಗೆ ಪ್ರವೇಶ ಇಲ್ಲ. ನಿಮ್ಮ ಬೈಕು ಹದಿಮೂರು ಲಕ್ಷದ್ದಾಗಲಿ, ಎಂಬತ್ತು ಸಾವಿರದ್ದಾಗಲಿ, ಸರ್ವಿಸ್ ರಸ್ತೆಯೇ ಗತಿ. ನೈಸ್ ರಸ್ತೆಯಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಐದರವರೆಗೆ ಬೈಕು ಬಿಡದ ನಿಯಮ 2022ರಲ್ಲಿ ಬಂತು. ನಿಮಗೆ ಉಳಿಯೋದು ಕುಣಿಗಲ್ ಮೇಲೆ ಹಾಸನದ ಹೆದ್ದಾರಿ, ಮಾಗಡಿ ರಸ್ತೆ, ಕನಕಪುರ ದಾಟಿ ಸಂಗಮದ ರಸ್ತೆ, ದೇವರಾಯನದುರ್ಗದ ಕಡೆಯ ಸಣ್ಣ ರಸ್ತೆಗಳು. ರೆಟ್ರೊ ಬೈಕಿಗೆ ಇವೇ ಸರಿಯಾದ ರಸ್ತೆಗಳು ಕೂಡ. ಈ ವಿಷಯದಲ್ಲಿ ರಾಜಾಜಿನಗರದವರು ಅದೃಷ್ಟವಂತರು, ಸಿಟಿಯಿಂದ ಆಚೆ ಬರೋಕೆ ಇಡೀ ಊರು ದಾಟಬೇಕಿಲ್ಲ.

ಸರಿ, ಗೆಳೆಯರು ಹೇಳಿದ 650 ನೋಡೋಣ. 2018ರಲ್ಲಿ ಬಂದ ಇಂಟರ್‌ಸೆಪ್ಟರ್ 648 ಸಿಸಿ ಟ್ವಿನ್, 47 ಪಿಎಸ್, 52 ನ್ಯೂಟನ್ ಮೀಟರ್, ಆರು ಗೇರು. ಅದರಲ್ಲೂ ಪಿಸ್ಟನ್ನುಗಳಿಗೆ ಅದೇ 270 ಡಿಗ್ರಿ ಅಂತರ, ಹಾಗಾಗಿ ಸದ್ದಿನ ಲಯ ಒಂದೇ ಜಾತಿಯದು. ಟಾರ್ಕ್ ಸ್ವಲ್ಪ ಮೇಲಿನ ಆರ್‌ಪಿಎಂನಲ್ಲಿ ಸಿಗುತ್ತದೆ, ಐದು ಸಾವಿರ ದಾಟಬೇಕು. ಆ ಕೆಎಸ್ಸಾರ್ಟಿಸಿ ಬಸ್ಸಿನ ಹಿಂದೆ ಇದರಲ್ಲಿ ಒಂದು ಗೇರು ಇಳಿಸಬೇಕಾಗುತ್ತದೆ. ಗಾಳಿ ಮತ್ತು ಆಯಿಲ್ಲಿನಿಂದ ತಣ್ಣಗಾಗುವ ಎಂಜಿನ್ನು, ಟ್ರಾಫಿಕ್ಕಿನಲ್ಲಿ ಇದೂ ಬಿಸಿಯಾಗುತ್ತದೆ. ಹತ್ತಿರ ಕೂತು ನೋಡಿದರೆ ಎರಕದ ಅಂಚು, ಸ್ವಿಚ್ಚು, ಬಣ್ಣದ ಆಳ ಎಲ್ಲದರಲ್ಲೂ ಟಿ100 ಒಂದು ಮೆಟ್ಟಿಲು ಮೇಲಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ 650 ಆನ್‌ರೋಡ್ ನಾಲ್ಕೂವರೆ ಲಕ್ಷದ ಆಸುಪಾಸಿನಲ್ಲಿ ಬರುತ್ತದೆ. ಪಾರ್ಟ್ಸು ಜೆಸಿ ರೋಡಿನಲ್ಲೂ ಸಿಗುತ್ತದೆ, ಸಕಲೇಶಪುರದಲ್ಲಿ ಕೆಟ್ಟರೆ ಅಲ್ಲೇ ನೋಡುವವರು ಸಿಗುತ್ತಾರೆ. ಟಿ100ರ ಸುಖದಲ್ಲಿ ಮುಕ್ಕಾಲು ಪಾಲು ಮೂರನೇ ಒಂದು ಬೆಲೆಗೆ ಬರುತ್ತದೆ ಅನ್ನೋದು ನನ್ನ ಅಂದಾಜು. ಇಡೀ ರೆಟ್ರೊ ಸಾಲಿನಲ್ಲಿ ಬೆಲೆಗೆ ಇಷ್ಟು ಮರ್ಯಾದೆ ಕೊಡುವ ಇನ್ನೊಂದು ಬೈಕು ನನಗೆ ಕಾಣೋದಿಲ್ಲ.

ಟ್ರಯಂಫ್ ಹೆಸರೇ ಬೇಕು ಅಂದರೆ ಬಜಾಜ್ ಚಾಕಣದಲ್ಲಿ ಮಾಡುವ ಸ್ಪೀಡ್ 400 ಇದೆ. 2023ರಲ್ಲಿ ಬಂದಾಗ 398 ಸಿಸಿ, 40 ಪಿಎಸ್, ಒಂದೇ ಸಿಲಿಂಡರ್. ಸಿಟಿಗೆ ಬಹಳ ಒಳ್ಳೆಯದು. ಆದರೆ ನಿಮಗೆ ಬೇಕಾದ ಆ ದಪ್ಪ, ನಿಧಾನದ ಎಳೆತ ಅದರಲ್ಲಿ ಇಲ್ಲ, ಅದು ಚುರುಕು ಸ್ವಭಾವದ ಬೈಕು. ಕ್ಲಾಸಿಕ್ 350ರಲ್ಲಿ ಆ ನಿಧಾನ ಇದೆ, 27 ನ್ಯೂಟನ್ ಮೀಟರ್ 4,000 ಆರ್‌ಪಿಎಂಗೇ ಬರುತ್ತದೆ. ಹೆದ್ದಾರಿಯಲ್ಲಿ ತೊಂಬತ್ತು ದಾಟಿದ ಮೇಲೆ ಉಸಿರು ಸಾಲದು ಅನ್ನಿಸುತ್ತದೆ.

ಈಗ ಸಾಲ. ಹತ್ತು ಲಕ್ಷಕ್ಕೆ ಶೇ 11ರ ಬಡ್ಡಿ ಹಿಡಿದರೆ ಐದು ವರ್ಷಕ್ಕೆ ಇಎಂಐ ತಿಂಗಳಿಗೆ ಸುಮಾರು 21,750 ರೂಪಾಯಿ. ಬಡ್ಡಿಯೇ ಮೂರು ಲಕ್ಷ ದಾಟುತ್ತದೆ. ಅಂದರೆ ನಿಮ್ಮ ಬೈಕು ಹದಿನಾರು ಲಕ್ಷಕ್ಕೆ ಬಿತ್ತು. ಅತ್ತ ಇನ್ಶೂರೆನ್ಸ್ ಕಂಪನಿಗಳ ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಕಟ್ಟುವ ಬೆಲೆಯ ಲೆಕ್ಕ ನೋಡಿ. ಎರಡರಿಂದ ಮೂರು ವರ್ಷದ ಗಾಡಿಗೆ ಶೇ 30 ಕಳೆಯುತ್ತಾರೆ, ಮೂರರಿಂದ ನಾಲ್ಕಕ್ಕೆ ಶೇ 40, ನಾಲ್ಕರಿಂದ ಐದಕ್ಕೆ ಶೇ 50. ಅದೂ ಶೋರೂಂ ಬೆಲೆಯ ಮೇಲೆ, ನೀವು ಕಟ್ಟಿದ ಆನ್‌ರೋಡ್ ಬೆಲೆಯ ಮೇಲಲ್ಲ. ಸಾಲ ತೀರುವ ಹೊತ್ತಿಗೆ ಹದಿನಾರು ಲಕ್ಷ ಕೊಟ್ಟು ಐದು ಲಕ್ಷದ ವಸ್ತು ಕೈಯಲ್ಲಿರುತ್ತದೆ. ಕೈಯಲ್ಲಿ ದುಡ್ಡು ಇದ್ದು, ಇದು ಖರ್ಚು ಅಂತ ಒಪ್ಪಿಕೊಂಡು ಕೊಳ್ಳುವವರಿಗೆ ನಾನು ಖಂಡಿತ ಬೇಡ ಅನ್ನೋದಿಲ್ಲ. ಪ್ರೀತಿಯ ವಸ್ತುವಿಗೆ ಖರ್ಚು ಮಾಡೋದು ತಪ್ಪಲ್ಲ. ಆದರೆ ಪ್ರತಿ ತಿಂಗಳು ಐದನೇ ತಾರೀಕು ಇಎಂಐ ಕತ್ತರಿಸಿದಾಗ ಬೈಕಿನ ಮೇಲಿನ ಪ್ರೀತಿ ಸವೆಯುತ್ತದೆ. ಇಂಥ ಬೈಕುಗಳು ಎರಡೇ ವರ್ಷಕ್ಕೆ ಮಾರಾಟಕ್ಕೆ ಬರೋದಕ್ಕೆ ಬಹಳ ಸಲ ಇದೇ ಕಾರಣ.

ಆ ಮಾರಾಟವೇ ನಿಮಗೆ ಅನುಕೂಲ. ಮೊದಲ ಮಾಲೀಕರು ಜಿಎಸ್‌ಟಿ ಕಟ್ಟಿದ್ದಾರೆ, ಲೈಫ್‌ಟೈಮ್ ಟ್ಯಾಕ್ಸ್ ಕಟ್ಟಿದ್ದಾರೆ, ಬೆಲೆಯ ಮೊದಲ ಕುಸಿತವನ್ನೂ ತಾವೇ ಹೊತ್ತಿದ್ದಾರೆ. ಹತ್ತು ಲಕ್ಷದ ಶೋರೂಂ ಬೆಲೆಯ ಬೈಕು ಮೂರು ವರ್ಷ ದಾಟಿದರೆ ಐಡಿವಿ ಲೆಕ್ಕದಲ್ಲಿ ಆರು ಲಕ್ಷ. ಮಾರುವವರು ಜಾಸ್ತಿ ಹೇಳುತ್ತಾರೆ, ಪಾಲಿಸಿಯಲ್ಲಿರುವ ಐಡಿವಿ ತೋರಿಸಿ ಚೌಕಾಸಿ ಮಾಡಿ. ಈ ಎಂಜಿನ್ನಿನ ಸರ್ವಿಸ್ ಅಂತರವೇ 16,000 ಕಿಲೋಮೀಟರ್ ಅಥವಾ ಒಂದು ವರ್ಷ. ಭಾನುವಾರ ಮಾತ್ರ ಆಚೆ ಬಂದ ಬೈಕು ಮೂರು ವರ್ಷದಲ್ಲಿ ಅಷ್ಟು ಓಡಿರೋದೇ ಅಪರೂಪ. ಸುಮಾರು ಇದೇ ಬೆಲೆಗೆ ಟಿ100 ಕೈಗೆ ಬಂದರೆ ಅದು ತನ್ನ ಬೆಲೆ ಬಾಳುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಅಪ್ಪನ ಯೆಜ್ಡಿಯ ವಿಷಯ. ಅದನ್ನು ರೆಡಿ ಮಾಡಿಸಿ, ಖಂಡಿತ ಮಾಡಿಸಿ. ಆದರೆ ಇದಕ್ಕೆ ಬದಲು ಅದು ಅನ್ನೋ ಹಾಗೆ ಅಲ್ಲ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು, ಅಂದರೆ ನಿಮ್ಮ ಗಾಡಿಗೆ ಕಡಿಮೆ ಅಂದರೂ ಮೂವತ್ತು ವರ್ಷ. ಡ್ರಮ್ ಬ್ರೇಕಿನ ಟೂ ಸ್ಟ್ರೋಕ್ ಗಾಡಿಯಲ್ಲಿ ಇವತ್ತಿನ ಹೆದ್ದಾರಿಗೆ ಇಳಿಯೋದು ಸುಖವಲ್ಲ. ಊರೊಳಗೆ, ಬೆಳಗಿನ ಹೊತ್ತು ಚೆನ್ನ. ಒಂದು ಮಾತು ಮಾತ್ರ ಕೇಳಿ. ಟಾರ್ಪಾಲು ತೆಗೆದ ಖುಷಿಗೆ ಕಿಕ್ ಹೊಡೀಬೇಡಿ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗು ಅಂಟಿಕೊಂಡಿರುತ್ತದೆ, ಕ್ರ್ಯಾಂಕ್ ಸೀಲ್ ಒಣಗಿ ಗಟ್ಟಿಯಾಗಿರುತ್ತದೆ. ಎರಡು ಪ್ಲಗ್ ಇದ್ದರೆ ಎರಡನ್ನೂ ಬಿಚ್ಚಿ, ತೂತಿನಿಂದ ಒಂದಿಷ್ಟು ಟೂ ಸ್ಟ್ರೋಕ್ ಆಯಿಲ್ ಬಿಟ್ಟು ಎರಡು ದಿನ ಬಿಡಿ. ಆಮೇಲೆ ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ಒತ್ತಿ ನೋಡಿ. ತಿರುಗಿದರೆ ಅರ್ಧ ಗೆದ್ದ ಹಾಗೆ. ತಿರುಗದಿದ್ದರೆ ಬಲ ಹಾಕದೆ ಗೊತ್ತಿರುವ ಮೆಕ್ಯಾನಿಕ್ ಹತ್ತಿರ ಕೊಂಡೊಯ್ಯಿರಿ. ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ತುಕ್ಕು ನೋಡಿ. ಹದಿನೈದು ವರ್ಷ ದಾಟಿದ ಆರ್‌ಸಿ ರಿನ್ಯೂವಲ್ ಆಗಬೇಕು, ಗ್ರೀನ್ ಟ್ಯಾಕ್ಸ್ ಕಟ್ಟಬೇಕು. ಮೆಕ್ಯಾನಿಕ್ಕಿಗೆ ಮುಂಚೆ ಆರ್‌ಟಿಒ ಕೆಲಸ ಮುಗಿಸಿಕೊಳ್ಳಿ, ಕಾಗದ ಸರಿಯಿಲ್ಲದಿದ್ದರೆ ಮಾಡಿಸಿದ ಖರ್ಚೆಲ್ಲ ಹಿತ್ತಲಲ್ಲೇ ಉಳಿಯುತ್ತದೆ.

ಇನ್ನು ಟೆಸ್ಟ್ ರೈಡ್. ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ ಎಲ್ಲ ಬೈಕೂ ಚೆನ್ನಾಗಿರುತ್ತದೆ. ವಾರದ ದಿನ ಸಂಜೆ ಕೇಳಿ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗಿ, ಅವರಿಗೆ ಸೀಟು ಆಗುತ್ತದಾ ಕೇಳಿ. 650 ಬಾಡಿಗೆಗೆ ಸಿಗುತ್ತದೆ, ಒಂದು ಶನಿವಾರ ತಗೊಂಡು ಹಾಸನದ ಕಡೆ ಹೋಗಿಬನ್ನಿ. ವಾಪಸ್ ಬಂದ ಮೇಲೂ ಟಿ100 ಬೇಕು ಅನ್ನಿಸಿದರೆ ಸೆಕೆಂಡ್ ಹ್ಯಾಂಡ್ ಹುಡುಕಿ, 650ರಲ್ಲೇ ಮನಸ್ಸು ತುಂಬಿದರೆ ಅಲ್ಲಿಗೆ ಮುಗಿಯಿತು.

ಸೆಕೆಂಡ್ ಹ್ಯಾಂಡ್ ನೋಡೋಕೆ ಬೆಳಗ್ಗೆಯೇ ಹೋಗಿ, ಸ್ಟಾರ್ಟ್ ಮಾಡಬೇಡಿ ಅಂತ ಮುಂಚೆಯೇ ಹೇಳಿರಿ. ಹೋದ ತಕ್ಷಣ ಎಂಜಿನ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣನೆಯ ಸ್ಟಾರ್ಟಿನಲ್ಲಿ ಏನೋ ತೊಂದರೆ ಇದ್ದು ಮುಚ್ಚಿಡುತ್ತಿರಬಹುದು. ಮುಂದಿನ ಫೋರ್ಕಿನ ಹೊಳೆಯುವ ಭಾಗವನ್ನು ಬೆರಳಲ್ಲಿ ಒರೆಸಿ, ಆಯಿಲ್ ಅಂಟಿದರೆ ಸೀಲ್ ಹೋಗಿದೆ. ಸ್ಪೋಕ್ ರಿಮ್ಮಿಗೆ ಸೇರುವ ಕಡೆ ತುಕ್ಕು ನೋಡಿ, ಮಳೆಯಲ್ಲಿ ನಿಂತ ಗಾಡಿಗೆ ಮೊದಲು ಅಲ್ಲೇ ಹಿಡಿಯುತ್ತದೆ. ರೇಡಿಯೇಟರಿನ ಮುಂದೆ ಕಲ್ಲು ಬಡಿದು ಮಡಚಿದ್ದಿದೆಯಾ ನೋಡಿ. ಮುಂದಿನ ಬ್ರೇಕ್ ಒತ್ತಿ ಹಿಡಿದು ಬೈಕನ್ನು ಹಿಂದೆ ಮುಂದೆ ಅಲ್ಲಾಡಿಸಿ, ಹ್ಯಾಂಡಲ್ ಬುಡದಲ್ಲಿ ಟಕ್ ಅಂದರೆ ಬೇರಿಂಗ್ ಸಡಿಲ. ಸೈಲೆನ್ಸರ್ ಬದಲಾಯಿಸಿದ್ದರೆ ಕಂಪನಿಯದ್ದು ಎಲ್ಲಿ ಅಂತ ಕೇಳಿ, ಅದಿಲ್ಲದೆ ಬೇಡ. ಎರಡು ಕೀ, ಸರ್ವಿಸ್ ಬಿಲ್ಲು, ಸಾಲ ತೀರಿಸಿದ ಎನ್‌ಒಸಿ ಕೈಗೆ ಬಂದ ಮೇಲೆ ದುಡ್ಡಿನ ಮಾತು. ಬೇರೆ ರಾಜ್ಯದ ನಂಬರ್ ಇದ್ದರೆ ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟಬೇಕಾಗುತ್ತದೆ, ಹಾಗಾಗಿ ಕೆಎ ನೋಂದಣಿಯದ್ದನ್ನೇ ನೋಡಿ. ಕೊನೆಗೆ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2321 ಅಂತಿದ್ದರೆ 2021ರ ಇಪ್ಪತ್ತಮೂರನೇ ವಾರ ತಯಾರಾದದ್ದು. ಮೇಲಿನ ಅಚ್ಚು (ಟ್ರೆಡ್) ಚೆನ್ನಾಗಿದ್ದರೂ ಐದು ವರ್ಷ ದಾಟಿದ ಟೈರು ಗಟ್ಟಿಯಾಗಿರುತ್ತದೆ, ಮಳೆಯಲ್ಲಿ ಜಾರುತ್ತದೆ. ಎರಡೂ ಹಳೆಯದಾಗಿದ್ದರೆ ಹೊಸ ಜೋಡಿಯ ದುಡ್ಡನ್ನು ಬೆಲೆಯಲ್ಲೇ ಇಳಿಸಿಕೊಳ್ಳಿ.